ಸಹಾಯ ಬೇಕು: ಬಟ್ಟಲುಗಳ ಗ್ಲೇಜ್‌ನಲ್ಲಿ ಕೂದಲೆಳೆ ಬಿರುಕು

ಗೆಳೆಯರೇ, ಸ್ಟೋನ್‌ವೇರ್ (ಹೆಚ್ಚು ಶಾಖದಲ್ಲಿ ಸುಡುವ ಗಟ್ಟಿ ಮಣ್ಣು) ಬಟ್ಟಲುಗಳ ಪಾರದರ್ಶಕ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಕಿಲ್ನ್‌ನಿಂದ (ಸುಡುವ ಗೂಡಿನಿಂದ) ತೆಗೆದಾಗ ಚೆನ್ನಾಗಿಯೇ ಇರುತ್ತದೆ. ಕೆಲವು ದಿನಗಳಲ್ಲಿ ಒಳಮೈ ತುಂಬ ಬಿರುಕು ಬಿಡುತ್ತದೆ. ಪ್ರದರ್ಶನದಲ್ಲಿ ಇವನ್ನು ಊಟದ ಬಟ್ಟಲುಗಳೆಂದೇ ಇಡುವುದರಿಂದ, ಅಲಂಕಾರ ಎಂದುಕೊಂಡು ಬಿಡುವ ಹಾಗಿಲ್ಲ.

ಬಿಸ್ಕ್ (ಗ್ಲೇಜ್ ಹಚ್ಚುವ ಮೊದಲಿನ ಸುಡುವಿಕೆ) 1000 ಡಿಗ್ರಿ, ಗ್ಲೇಜ್ ಸುಡುವುದು ಕೋನ್ 10ಕ್ಕೆ (ಸುಮಾರು 1300 ಡಿಗ್ರಿ), ವಿದ್ಯುತ್ ಕಿಲ್ನ್‌ನಲ್ಲಿ. ಗ್ಲೇಜ್‌ನ ಪ್ರಮಾಣ, ನೂರು ಭಾಗಕ್ಕೆ: ಪೊಟ್ಯಾಶ್ ಫೆಲ್ಡ್‌ಸ್ಪಾರ್ (ಕರಗಿ ಗಾಜಾಗುವ ಖನಿಜ) 45, ಸಿಲಿಕಾ 25, ವೈಟಿಂಗ್ (ಸುಣ್ಣಕಲ್ಲಿನ ಪುಡಿ) 18, ಚೀನಾ ಕ್ಲೇ (ಬಿಳಿ ಜೇಡಿ) 12. ಬಾಗಿಲು ತೆರೆಯುವುದು 80 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆಯೇ, ಹಾಗಾಗಿ ಆತುರದ ತಂಪು ಕಾರಣವಲ್ಲ. ಗ್ಲೇಜ್ ದಪ್ಪಗೆ ನಿಂತ ತಳದಲ್ಲೇ ಬಿರುಕು ಶುರುವಾಗುತ್ತದೆ.

ಗ್ಲೇಜ್ ಹಚ್ಚದ, ಸುಟ್ಟ ತುಂಡನ್ನು 2 ಗಂಟೆ ಕುದಿಸಿ, ನೀರಿನಲ್ಲೇ ಆರಲು ಬಿಟ್ಟು, ಒರೆಸಿ ತೂಗಿದರೆ ತೂಕ ಶೇ. 3.5 ಹೆಚ್ಚು. ಮಣ್ಣು ಪೂರ್ತಿ ಬೆಂದಿಲ್ಲ, ತೇವ ಹೀರಿ ಹಿಗ್ಗುತ್ತಿದೆ ಎಂಬ ಅನುಮಾನ ಇಲ್ಲಿಂದಲೇ. ಆದರೆ ಆಗತಾನೇ ತೆಗೆದ, ಇನ್ನೂ ತೇವ ಹೀರದ ಬಟ್ಟಲನ್ನು ಫ್ರೀಜರ್‌ನಲ್ಲಿಟ್ಟು ಕುದಿನೀರಿಗೆ ಹಾಕಿದರೂ ಬಿರಿಯುತ್ತದೆ. ಅಂದರೆ ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗುತ್ತಿದೆ.

ಮೊದಲು ಯಾವುದನ್ನು ಬದಲಿಸಲಿ? ಗ್ಲೇಜ್ ಕುಗ್ಗುವುದನ್ನು ತಗ್ಗಿಸಲು ಸಿಲಿಕಾವನ್ನು 3 ಭಾಗದಂತೆ ಏರಿಸಿದರೆ ಹೊಳಪು ಎಲ್ಲಿಯವರೆಗೆ ಉಳಿಯುತ್ತದೆ? ಫೆಲ್ಡ್‌ಸ್ಪಾರ್‌ನ 5 ಭಾಗ ತೆಗೆದು ಅದಕ್ಕಾಗಿಯೇ ಟಾಲ್ಕ್ (ಮೆಗ್ನೀಸಿಯಂ ಇರುವ ಖನಿಜದ ಪುಡಿ) ಸೇರಿಸಿದವರಿದ್ದರೆ, ಗ್ಲೇಜ್ ಮಸುಕಾಯಿತೇ? ಉತ್ತುಂಗದ ಶಾಖದಲ್ಲಿ ಅರ್ಧ ಗಂಟೆ ಹಿಡಿದರೆ ಹೀರಿಕೆ ತಗ್ಗುವುದೇ, ಇಲ್ಲ ಮಣ್ಣನ್ನೇ ಬದಲಿಸಬೇಕೇ? ತಿದ್ದುವುದು ಅತಿಯಾಗಿ ಅಂಚಿನ ಗ್ಲೇಜ್ ಚೂರಾಗಿ ಸಿಡಿದರೆ ಊಟದ ಬಟ್ಟಲಿಗೆ ಅದು ಬಿರುಕಿಗಿಂತ ಅಪಾಯ. ಅನುಭವ ಇದ್ದವರು ನಿಮ್ಮ ಪ್ರಮಾಣಗಳನ್ನು ದಯವಿಟ್ಟು ಬರೆಯಿರಿ.