ಗೂಗಲ್ ಶೀಟ್ಸ್ ದಿನಾಂಕ: ಒಬ್ಬರಿಗೆ ಗರಗಸದ ಗೆರೆ, ಇನ್ನೊಬ್ಬರಿಗೆ ದೋಷ ಸಂದೇಶ

ನೀರಹಸಿರು:
ನಮಸ್ಕಾರ. ನಾವು ಬಿ.ಎಸ್ಸಿ. ಅಂತಿಮ ವರ್ಷದ ಮೂವರು, ಇಬ್ಬರದು ಸಸ್ಯಶಾಸ್ತ್ರ, ಒಬ್ಬನದು ಗಣಿತ. ಇರುವುದು ಮೂರು ಊರುಗಳಲ್ಲಿ. ನೀರಿನ ಮೇಲೆ ತೇಲುವ ಲೆಮ್ನಾವನ್ನು ಲೋಟಗಳಲ್ಲಿ ಬೆಳೆಸಿ, 2024ರ ಜುಲೈ 1ರಿಂದ 20ರವರೆಗೆ ದಿನವೂ ಎಲೆ ಎಣಿಸಿ ಒಂದೇ ಗೂಗಲ್ ಶೀಟ್‌ಗೆ ತುಂಬಿಸಿದೆವು. ಅದಕ್ಕೆ ಲಾಜಿಸ್ಟಿಕ್ ಸಮೀಕರಣ (ಮೊದಲು ವೇಗವಾಗಿ ಏರಿ, ಕೊನೆಗೆ ಒಂದು ಮಿತಿಯಲ್ಲಿ ನಿಲ್ಲುವ ಬೆಳವಣಿಗೆಯದು) ಹೊಂದಿಸಿ ಬೆಳವಣಿಗೆಯ ದರ ತೆಗೆಯಬೇಕು. ಪೈಥಾನ್ ಕೋಡ್ ಒಂದೇ, ಶೀಟ್‌ನಿಂದ ಇಳಿಸಿದ ಸಿಎಸ್‌ವಿ (ಬರೀ ಪಠ್ಯದ ಕೋಷ್ಟಕ) ಕಡತವೂ ಒಂದೇ. ಗೆಳೆಯನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಗರಗಸದ ಹಲ್ಲಿನಂಥ ಗೆರೆ ಬರುತ್ತದೆ. ನನ್ನ ಕೊಲಾಬ್ (ಬ್ರೌಸರ್‌ನಲ್ಲೇ ಪೈಥಾನ್ ಓಡಿಸುವ ಗೂಗಲ್ ಸೇವೆ) ‘13/07/2024’ರ ಬಳಿ ದೋಷ ತೋರಿಸಿ ನಿಲ್ಲುತ್ತದೆ. ಎರಡು ದಿನದಿಂದ ಸಮೀಕರಣವನ್ನೇ ತಿದ್ದುತ್ತಿದ್ದೇವೆ.

ಸೊನ್ನೆ_ಒಂದು:
ಸಮೀಕರಣವನ್ನು ಮುಟ್ಟಬೇಡಿ. ಶೀಟ್‌ನಲ್ಲಿ ದಿನಾಂಕದ ಕಾಲಂ ನೋಡಿ: ಮೊದಲ 12 ಸಾಲು ಬಲಕ್ಕೆ, 13ರಿಂದ ಮುಂದಿನವು ಎಡಕ್ಕೆ ಅಂಟಿಕೊಂಡಿವೆಯೇ?

ನೀರಹಸಿರು:
ಹೌದು, ಹಾಗೆಯೇ ಇವೆ! ಅದಕ್ಕೆ ಅರ್ಥವಿದೆ ಎಂದು ಹೊಳೆಯಲೇ ಇಲ್ಲ.

ಸೊನ್ನೆ_ಒಂದು:
ಅಲ್ಲೇ ಇದೆ ಮೂಲ. ಶೀಟ್ ರಚಿಸಿದವರ ಲೊಕೇಲ್ (ಯಾವ ದೇಶದ ರೂಢಿ ಎಂಬ ಸೆಟ್ಟಿಂಗ್) ಅಮೆರಿಕ ಎಂದಿರಬೇಕು. ಅಲ್ಲಿ ತಿಂಗಳು ಮೊದಲು. ನೀವು ಜುಲೈ 1 ಎಂದು ‘01/07/2024’ ಬರೆದದ್ದನ್ನು ಶೀಟ್ ಜನವರಿ 7 ಎಂದು ಓದಿತು, ಜುಲೈ 2 ಫೆಬ್ರವರಿ 7 ಆಯಿತು. ಸರಿಯಾಗಿ ಉಳಿದದ್ದು ಜುಲೈ 7 ಒಂದೇ. 13ನೇ ತಿಂಗಳು ಇಲ್ಲವಾದ್ದರಿಂದ ಮುಂದಿನವೆಲ್ಲ ಬರೀ ಪಠ್ಯ, ಅದಕ್ಕೇ ಎಡಕ್ಕೆ ಕೂತವು.

ಪೈಥಾನ್‌ನಲ್ಲಿಯೂ ಇದೇ ಕಥೆ. ಕೋಷ್ಟಕ ಓದುವ ಪೈಥಾನ್ ಲೈಬ್ರರಿ ಪ್ಯಾಂಡಾಸ್‌ನ ಹಳೆಯ ಆವೃತ್ತಿ ಪ್ರತಿ ಸಾಲನ್ನೂ ತನಗೆ ತೋಚಿದಂತೆ ಓದುತ್ತಿತ್ತು, ಹಾಗಾಗಿ 20 ದಿನದ ಪ್ರಯೋಗ ಹನ್ನೊಂದು ತಿಂಗಳಿಗೆ ಹರಡಿತು. 2023ರಲ್ಲಿ ಬಂದ 2.0 ಆವೃತ್ತಿ ಮೊದಲ ಸಾಲಿನ ಕ್ರಮವನ್ನೇ ಎಲ್ಲಕ್ಕೂ ಹಿಡಿಯುತ್ತದೆ, ಹೊಂದದಿದ್ದರೆ ನಿಲ್ಲುತ್ತದೆ. ನಿಮಗೆ ಬಂದ ದೋಷ ಸಂದೇಶವೇ ಉಪಕಾರ ಮಾಡಿದೆ. ಗೆಳೆಯನ ಗೆರೆ ಸ್ವಲ್ಪ ನಯವಾಗಿದ್ದಿದ್ದರೆ ತಪ್ಪು ದರವೇ ವರದಿಗೆ ಹೋಗುತ್ತಿತ್ತು.

ಮೊದಲು ಶೀಟ್‌ನ ಪ್ರತಿ ತೆಗೆದಿಟ್ಟುಕೊಳ್ಳಿ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಅನ್ನು ಭಾರತಕ್ಕೆ ಬದಲಿಸಿ. ಆದರೆ ಈಗಾಗಲೇ ಜನವರಿಯಾಗಿ ಕೂತದ್ದು ಅದರಿಂದ ಜುಲೈ ಆಗುವುದಿಲ್ಲ. ಇಪ್ಪತ್ತೇ ಸಾಲು ಇರುವುದರಿಂದ ಸೂತ್ರದ ಗೋಜು ಬೇಡ. ಪ್ರಯೋಗದ ನೋಟ್‌ಬುಕ್ ಎದುರಿಗಿಟ್ಟುಕೊಂಡು 2024-07-01 ಎಂಬ ರೂಪದಲ್ಲಿ ಮತ್ತೆ ತುಂಬಿಸಿ. ಈ ರೂಪವನ್ನು ಶೀಟ್ ಮತ್ತು ಪ್ಯಾಂಡಾಸ್ ಎರಡೂ ಒಂದೇ ರೀತಿ ಓದುತ್ತವೆ. ಪಕ್ಕದಲ್ಲಿ 0, 1, 2 ಎಂದು ದಿನದ ಸಂಖ್ಯೆಯ ಕಾಲಂ ಇಡಿ. ಸಮೀಕರಣಕ್ಕೆ ಬೇಕಾದದ್ದು ಅದೇ.

ನೀರಹಸಿರು:
ಬಂತು! ದರ ದಿನಕ್ಕೆ 0.23, ಅಂದರೆ ಆರಂಭದಲ್ಲಿ ಸುಮಾರು ಮೂರು ದಿನಕ್ಕೆ ಎರಡರಷ್ಟು. ಗರಿಷ್ಠ ಮಿತಿ ಕೆ 170 ಎಂದು ಬರುತ್ತಿದೆ. 8 ಎಲೆಗಳಿಂದ ಶುರುವಾಗಿ ಕೊನೆಯ ದಿನ 135 ಇತ್ತು. ಎರಡನ್ನೂ ಬರೆಯಬಹುದೇ?

ಸೊನ್ನೆ_ಒಂದು:
ದರವನ್ನು ಧೈರ್ಯವಾಗಿ ಬರೆಯಿರಿ. ಕೆ ಬೇಡ. 135ರಲ್ಲಿ ಗೆರೆ ಇನ್ನೂ ಏರುತ್ತಲೇ ಇದೆ, ಸಮತಟ್ಟಾದ ಭಾಗವನ್ನು ನೀವು ಕಂಡೇ ಇಲ್ಲ. ಲೋಟಗಳನ್ನು ಚೆಲ್ಲಿಲ್ಲವಾದರೆ ಎಣಿಕೆ ಮುಂದುವರಿಸಿ.

ನೀರಹಸಿರು:
ಚೆಲ್ಲಿಲ್ಲ, ಕಿಟಕಿಯ ಬಳಿಯೇ ಇವೆ. ಈಗಷ್ಟೇ ಎಣಿಸಿ ತುಂಬಿಸಿದೆ: 2024-07-22, ದಿನ 21, ಎಲೆ 146.