ನಾಲೆ ಪಕ್ಕದ ರಸ್ತೆಗೆ ಎಂಥ ತಡೆಗೋಡೆ ಬೇಕು?

ಪ್ರಶ್ನೆ: ಸರ್, ನಮ್ಮೂರು ಮಂಡ್ಯ ಕಡೆ. 2018ರ ನವೆಂಬರ್‌ನಲ್ಲಿ ಪಾಂಡವಪುರದ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ತೀರಿಕೊಂಡರಲ್ಲ, ಅಂಥದ್ದೇ ರಸ್ತೆ ನಮ್ಮದೂ. ಒಂದು ತಿರುವಿನಲ್ಲಿ ನಾಲೆ ರಸ್ತೆಗೆ ತೀರಾ ಹತ್ತಿರ ಬರುತ್ತದೆ. ಅಲ್ಲಿ ಮಾತ್ರ, ಏರಿಯ ತುದಿಯಲ್ಲೇ ಕಂಬ ನೆಟ್ಟು, ಹೈವೇ ಥರದ ತಗಡಿನ ಕ್ರ್ಯಾಶ್ ಬ್ಯಾರಿಯರ್ ಹಾಕಿದ್ದಾರೆ. ಇದು ಬಸ್ಸನ್ನು ತಡೆಯುತ್ತಾ?

ಉತ್ತರ (ರಸ್ತೆ ಸುರಕ್ಷತಾ ಎಂಜಿನಿಯರ್): ಬಸ್ಸನ್ನು ನಂಬಿಕೆಯಿಂದ ತಡೆಯುತ್ತದೆ ಅಂತ ಹೇಳಲಾರೆ. ಸಾಮಾನ್ಯ ತಗಡಿನ ಬ್ಯಾರಿಯರ್ ಅನ್ನು ಕಾರು, ಪಿಕಪ್ ಗುದ್ದಿಸಿ ಪರೀಕ್ಷೆ ಮಾಡಿರುತ್ತಾರೆ. ಅಮೆರಿಕದಲ್ಲಿ ತಡೆಗೋಡೆ ಪರೀಕ್ಷಿಸುವ ಮ್ಯಾಶ್ ಅನ್ನುವ ಪದ್ಧತಿಯಲ್ಲಿ 2,270 ಕೆ.ಜಿ. ಪಿಕಪ್, ಗಂಟೆಗೆ 100 ಕಿ.ಮೀ., 25 ಡಿಗ್ರಿ ಓರೆ. ಯುರೋಪಿನಲ್ಲಿ ಬಸ್ಸಿಗೆ ಬೇರೆಯೇ ಮಟ್ಟ ಇದೆ: 13,000 ಕೆ.ಜಿ. ಬಸ್ಸು, 70 ಕಿ.ಮೀ. ವೇಗ, 20 ಡಿಗ್ರಿ. ನಿಮ್ಮ ರಸ್ತೆಯಲ್ಲಿ ಬಸ್ಸು ಜಾಸ್ತಿ ಅಂದರೆ ಆ ಮಟ್ಟದ್ದೇ ಬೇಕು.

ಆದರೆ ನನಗೆ ಅದಕ್ಕಿಂತ ಚಿಂತೆ ಬ್ಯಾರಿಯರ್‌ನ ಉದ್ದದ್ದು. ನಾಲೆ ಡಾಂಬರಿನ ಅಂಚಿನಿಂದ 4 ಮೀಟರ್ ದೂರ ಅಂದುಕೊಳ್ಳಿ. ಕಾರು ನೇರವಾಗಿ ಪಕ್ಕಕ್ಕೆ ಬೀಳುವುದಿಲ್ಲ, ಓರೆಯಾಗಿ ಜಾರುತ್ತದೆ. 10 ಡಿಗ್ರಿ ಓರೆಯಾದರೆ ನೀರು ಮುಟ್ಟುವ ಹೊತ್ತಿಗೆ ಸುಮಾರು 23 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಅಪಾಯದ ಜಾಗಕ್ಕೆ ಬಹಳ ಮುಂಚೆಯೇ ಅದು ರಸ್ತೆ ಬಿಟ್ಟಿರುತ್ತದೆ. ಬ್ಯಾರಿಯರ್ ತಿರುವಿನಲ್ಲೇ ಶುರುವಾದರೆ ಕಾರು ಅದರ ಹಿಂದಿನಿಂದ ನುಸುಳಿ ನಾಲೆಗೆ ಇಳಿಯುತ್ತದೆ. ಎರಡೂ ಕಡೆಯ ಸಂಚಾರ ಇರುವ ರಸ್ತೆಯಲ್ಲಿ ಎರಡೂ ತುದಿಯನ್ನು ಹೀಗೆ ಮುಂದಕ್ಕೆ ಎಳೆಯಬೇಕು. ನಮ್ಮಲ್ಲಿ ಉಳಿತಾಯ ಮಾಡುವುದು ಇಲ್ಲೇ ನೋಡಿ.

ಇನ್ನು ಕಂಬ ಏರಿಯ ತುದಿಯಲ್ಲಿದೆ ಅಂದಿರಿ. ತಗಡು ಬಾಗಿ, ಕಂಬ ಮಣ್ಣಲ್ಲಿ ವಾಲಿ, ಆ ಒದೆತ ತಿಂದುಕೊಳ್ಳಬೇಕು. ಜೋರಾದ ಗುದ್ದಿಗೆ ಸುಮಾರು ಒಂದು ಮೀಟರ್ ಹಿಂದಕ್ಕೆ ಸರಿಯುತ್ತದೆ. ಹಿಂದೆ ಗಟ್ಟಿ ಮಣ್ಣೇ ಇಲ್ಲದಿದ್ದರೆ ಕಂಬದ ಸಮೇತ ನಾಲೆಗೆ.

ಇನ್ನೊಬ್ಬ ಸದಸ್ಯರು: ಹಾಗಾದರೆ ಏರಿ ಉದ್ದಕ್ಕೂ ಮರ ನೆಟ್ಟರೆ ಸಾಕಲ್ವಾ ಸರ್? ಖರ್ಚೂ ಕಡಿಮೆ.

ಉತ್ತರ: ಬೇಡ. ಕಾಂಡ 10 ಸೆಂ.ಮೀ. ದಪ್ಪ ಆಯಿತು ಅಂದರೆ ನಾವು ಅದನ್ನು ಅಪಾಯದ ಪಟ್ಟಿಗೆ ಸೇರಿಸುತ್ತೇವೆ. ಕಾರು ಒಂದೇ ಕಡೆ ಗುದ್ದಿ ಒಳಗೆ ಕುಸಿಯುತ್ತದೆ. ಎರಡು ಮರದ ನಡುವೆ ಹೋದವರು ಹೇಗಿದ್ದರೂ ನೀರಿಗೆ.

ಅದೇ ಸದಸ್ಯರು: ಎಲ್ಲಾ ರಸ್ತೆಗೂ ಬ್ಯಾರಿಯರ್ ಹಾಕಿಬಿಡಬಹುದಲ್ಲ?

ಉತ್ತರ: ಅದೂ ಗುದ್ದುವ ವಸ್ತುವೇ ಅಲ್ವಾ? 1960ರ ದಶಕದಲ್ಲಿ ಮಿಷಿಗನ್‌ನ ಜನರಲ್ ಮೋಟಾರ್ಸ್ ಪರೀಕ್ಷಾ ಮೈದಾನದಲ್ಲಿ ರಸ್ತೆ ಬಿಟ್ಟ ಕಾರುಗಳನ್ನು ಗಮನಿಸಿದರು. ನೂರರಲ್ಲಿ ಸುಮಾರು 80 ಕಾರು 30 ಅಡಿ ಒಳಗೇ ಸುಧಾರಿಸಿಕೊಂಡವು ಇಲ್ಲವೇ ನಿಂತವು. ಪಕ್ಕದಲ್ಲಿ ಸಮತಟ್ಟು ಗದ್ದೆ ಇದ್ದರೆ ಸುಮ್ನೆ ಬಿಡುವುದೇ ಮೇಲು. ನಾಲೆ ವಿಷಯ ಬೇರೆ, ನೀರಿಗಿಂತ ತಗಡಿಗೆ ಗುದ್ದುವುದು ವಾಸಿ.

ಮೊದಲು ಕೇಳಿದವರು: ಕಚೇರಿಗೆ ಅರ್ಜಿ ಕೊಡುತ್ತಿದ್ದೇವೆ. ಏನು ಬರೆಯೋಣ?

ಉತ್ತರ: ಐ.ಆರ್.ಸಿ. (ಇಂಡಿಯನ್ ರೋಡ್ಸ್ ಕಾಂಗ್ರೆಸ್) 119, 2015ರ ಮಾರ್ಗಸೂಚಿ ಪ್ರಕಾರ ಉದ್ದ ಲೆಕ್ಕ ಹಾಕಿ, ಬಸ್ಸಿನ ತೂಕಕ್ಕೆ ಪರೀಕ್ಷೆಯಾದ ಬ್ಯಾರಿಯರ್ ಹಾಕಿ ಅಂತ ಬರೆಯಿರಿ. ಬ್ಯಾರಿಯರ್‌ನ ತುದಿಯನ್ನು ಇಳಿಜಾರಾಗಿ ಮಣ್ಣಿಗೆ ಹೂತಿದ್ದರೆ ಅದನ್ನೂ ಸೇರಿಸಿ. ವೇಗದ ಕಾರು ಅದರ ಮೇಲೆ ಹತ್ತಿ ಮಗುಚುತ್ತದೆ. ಡಾಂಬರಿಗೂ ಪಕ್ಕದ ಮಣ್ಣಿಗೂ ಗೇಣುದ್ದ ಇಳಿತ ಇದ್ದರೆ ಮೊದಲು ಅದನ್ನು ಮಣ್ಣು ತುಂಬಿಸಿ ಮುಚ್ಚಿಸಿ. ಚಕ್ರ ಅದರಿಂದ ಇಳಿದಾಗ ಚಾಲಕ ಗಾಬರಿಯಿಂದ ಸ್ಟಿಯರಿಂಗ್ ಎಳೆದುಬಿಡುತ್ತಾನೆ, ಗಾಡಿ ಎದುರು ಬದಿಗೆ ನುಗ್ಗುತ್ತದೆ. ಇದಕ್ಕೆ ದೊಡ್ಡ ಟೆಂಡರ್ ಬೇಕಿಲ್ಲ, ಮಳೆ ನಿಂತ ಮೇಲೆ ಒಂದು ಲೋಡು ಗ್ರಾವೆಲ್ ಸಾಕಾಗಬಹುದು. ಅರ್ಜಿ ಜೊತೆ ಎರಡೂ ದಿಕ್ಕಿನಿಂದ ಬರುವಾಗ ಕಾಣುವ ಫೋಟೋ ಹಾಕಿ.