ಅತ್ತಿಗೆ, ಪಿಟೀಲು ಪೆಟ್ಟಿಗೆಯಲ್ಲೇ ಇರುವುದು ಬೇಡ

ಅತ್ತಿಗೆ, ನಿಮ್ಮ ಮೆಸೇಜ್ ಓದಿದೆ. ಟೈಪ್ ಮಾಡಲು ಕೂತರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಬೇಕಾದರೆ ವೇಗ ಒಂದೂವರೆಗೆ ಇಟ್ಟುಕೊಳ್ಳಿ. ಉಳಿದವರೂ ಕೇಳಿ, ಎಲ್ಲರಿಗೂ ಒಂದೊಂದು ಕೆಲಸ ಇದೆ.

ನೀವು ಬರೆದದ್ದು ಇಷ್ಟು. ಪಾಠ ನಿಂತ ಮೇಲೆ ಪಿಟೀಲು ಹೊರಗೆ ಬರುವುದೇ ಕಡಿಮೆಯಾಗಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಬಾವಿಯೊಳಗಿಂದ ನುಡಿಸಿದ ಹಾಗೆ ಕೇಳುತ್ತದೆ. ಮೊನ್ನೆ ಎಲ್ಲರೂ ವಿಡಿಯೋ ಕಾಲ್‌ನಲ್ಲಿ ಸೇರಿ ನುಡಿಸಲು ಹೋದೆವಲ್ಲ, ಅಲ್ಲಿ ತಾಳ ಚೆಲ್ಲಾಪಿಲ್ಲಿಯಾಯಿತು. ಅದಕ್ಕೆ ನೀವು 'ನನಗೆ ಲಯ ತಪ್ಪಿಹೋಗಿದೆ' ಅಂತ ಬರೆದಿದ್ದೀರಿ. ಅದರ ಕೆಳಗೇ ಅಣ್ಣ ಒಂದು ಮೈಕಿನ ಫೋಟೋ ಹಾಕಿ 'ತರಿಸೋಣವಾ' ಅಂತ ಕೇಳಿದ್ದಾನೆ.

ಮೊದಲು ಲಯದ ಮಾತು. ನಿಮ್ಮ ಲಯ ಎಲ್ಲೂ ಹೋಗಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ವೇದಿಕೆಯಲ್ಲಿ ಪಕ್ಕದವರು 10 ಮೀಟರ್ ದೂರ ಕೂತರೆ ಅವರ ಶಬ್ದ ನಿಮ್ಮನ್ನು ಮುಟ್ಟಲು ಸೆಕೆಂಡಿನ ನೂರರಲ್ಲಿ ಮೂರು ಭಾಗ ಬೇಕು. ಒಟ್ಟಿಗೆ ನುಡಿಸುವವರು ಸಾಮಾನ್ಯವಾಗಿ ಸಹಿಸಿಕೊಳ್ಳುವುದು ಅಷ್ಟೇ. ವಿಡಿಯೋ ಕಾಲ್‌ನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ತಡ ಆಗುತ್ತದೆ. ಚಿಕ್ಕಪ್ಪನ ಮೃದಂಗ ನಿಮಗೆ ತಡವಾಗಿ ಕೇಳುತ್ತದೆ, ನೀವು ಅದಕ್ಕೆ ಕಾಯುತ್ತೀರಿ. ನಿಮ್ಮದು ಅವರಿಗೆ ಇನ್ನೂ ತಡ, ಅವರೂ ಕಾಯುತ್ತಾರೆ. ಹೀಗೆ ಇಬ್ಬರೂ ಕಾಯುತ್ತಾ ಕಾಯುತ್ತಾ ಕಾಲಪ್ರಮಾಣ, ಅಂದರೆ ನುಡಿಸುವ ವೇಗ, ಇಳಿಯುತ್ತಲೇ ಹೋಗುತ್ತದೆ. ಎಷ್ಟು ದೊಡ್ಡ ವಿದ್ವಾಂಸರನ್ನು ಕೂರಿಸಿದರೂ ಅಲ್ಲಿ ಆಗುವುದು ಇದೇ.

ಇನ್ನೊಂದು ತೊಂದರೆಯೂ ಇದೆ. ಕಾಲ್ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ಒಂದೇ ಸಮ ಮೊಳಗುವ ಶಬ್ದ ಅಂದರೆ ಫ್ಯಾನು ಅಂತಲೇ ಅವುಗಳ ಲೆಕ್ಕ. ಹಾಗಾಗಿ ತಂಬೂರಿಯನ್ನೂ ಅಳಿಸಿಹಾಕುತ್ತವೆ, ನಿಮ್ಮ ಉದ್ದದ ಕಮಾನಿನ ಸ್ವರವನ್ನೂ ಮಧ್ಯದಲ್ಲೇ ನುಂಗುತ್ತವೆ. ಜೂಮ್‌ನಲ್ಲಿ ಇದನ್ನು ತಡೆಯಲು ಒರಿಜಿನಲ್ ಸೌಂಡ್ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಸ್ವರ ಉಳಿಯುತ್ತದೆ, ತಡ ಮಾತ್ರ ಹಾಗೇ ಇರುತ್ತದೆ. ಜಾಮ್ಯುಲಸ್ ಥರದ ಉಚಿತ ಸಾಫ್ಟ್‌ವೇರ್‌ಗಳು ತಡವನ್ನು ತುಂಬ ಕಡಿಮೆ ಮಾಡುತ್ತವೆ ನಿಜ. ಆದರೆ ಎಲ್ಲರ ಮನೆಯಲ್ಲೂ ಕಂಪ್ಯೂಟರು, ಕೇಬಲ್ಲಿನಲ್ಲಿ ಬರುವ ಇಂಟರ್ನೆಟ್ಟು, ಹೆಡ್‌ಫೋನು ಇರಬೇಕು. ದೊಡ್ಡಮ್ಮನನ್ನು ಅದಕ್ಕೆ ಒಪ್ಪಿಸುವವರು ಯಾರು?

ಹಾಗಾಗಿ ನಾನು ಹೇಳುವುದು ಏನೆಂದರೆ, ಒಟ್ಟಿಗೆ ನುಡಿಸುವ ಆಸೆ ಬಿಡೋಣ. ಸರದಿಯಲ್ಲಿ ನುಡಿಸೋಣ. ಒಬ್ಬರು ಸ್ವಲ್ಪ ನುಡಿಸಿ ಕಳಿಸುವುದು, ಇನ್ನೊಬ್ಬರು ಅದರ ಮೇಲೆ ತಮ್ಮದನ್ನು ಸೇರಿಸುವುದು. ಇದು ಕೈಲಾಗದವರ ದಾರಿ ಅಂತ ಅಂದುಕೊಳ್ಳಬೇಡಿ. ಲೆಸ್ ಪಾಲ್ ಅಂತ ಅಮೆರಿಕದ ಒಬ್ಬ ಗಿಟಾರ್ ವಾದಕ ಇದ್ದ. 1940ರ ದಶಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಕೂತು, ತಾನು ನುಡಿಸಿದ್ದನ್ನು ಡಿಸ್ಕ್‌ಗೆ ಹಾಕಿ, ಅದನ್ನು ಕೇಳುತ್ತಾ ಅದರ ಮೇಲೆ ಇನ್ನೊಂದು ನುಡಿಸಿ, ಒಬ್ಬನೇ ಒಂದು ಮೇಳ ಕಟ್ಟಿದ. ಈಗ ಅದೇ ಕೆಲಸ ನಮ್ಮ ಫೋನಿನೊಳಗೆ ಉಚಿತವಾಗಿ ಕೂತಿದೆ. ಬ್ಯಾಂಡ್‌ಲ್ಯಾಬ್ ಎಲ್ಲ ಫೋನಿಗೂ ಸಿಗುತ್ತದೆ. ಆ್ಯಪಲ್ ಫೋನ್ ಇರುವವರಿಗೆ ಗ್ಯಾರೇಜ್‌ಬ್ಯಾಂಡ್ ಇದೆ. ಕಂಪ್ಯೂಟರಿಗೆ ಆಡಾಸಿಟಿ, 2000ನೇ ಇಸವಿಯಿಂದ ಇದೆ, ಈಗಲೂ ಉಚಿತ.

ಸರದಿಯಲ್ಲಿ ನನಗೆ ಇಷ್ಟವಾಗುವುದು ಬೇರೆಯೇ. ನಿಮಗಾಗಿ ಯಾರೋ ಕಾಯುತ್ತಿದ್ದಾರೆ ಅಂತ ಗೊತ್ತಿದ್ದರೆ ಪಿಟೀಲು ತಾನಾಗೇ ಹೊರಗೆ ಬರುತ್ತದೆ. ಸುಮ್ನೆ 'ದಿನಾ ಅಭ್ಯಾಸ ಮಾಡು' ಅಂದರೆ ಯಾರಿಗೆ ಉತ್ಸಾಹ ಬರುತ್ತದೆ ಹೇಳಿ. ಪುಟ್ಟಿ ಕೀಬೋರ್ಡಿನಲ್ಲಿ ನಾಲ್ಕು ಆವರ್ತ, ಅಂದರೆ ತಾಳದ ನಾಲ್ಕು ಸುತ್ತು, ನುಡಿಸಿ, ಐದನೆಯದನ್ನು ಖಾಲಿ ಬಿಟ್ಟು ಕಳಿಸಿದಳು ಅಂದುಕೊಳ್ಳಿ. ಆ ಖಾಲಿ ಜಾಗ ತುಂಬಲು ನೀವು ಯೋಚನೆ ಮಾಡಲೇಬೇಕು. ಅವಳು ಬಳಸಿದ ಸ್ವರಗಳಲ್ಲೇ ಉತ್ತರ ಕೊಡುವುದಾ, ಅವಳು ಬಿಟ್ಟ ಧೈವತ ಹಿಡಿಯುವುದಾ? ಕಲಿತ ಪಾಠ ಒಪ್ಪಿಸುವಾಗ ಈ ಪ್ರಶ್ನೆ ಏಳುವುದೇ ಇಲ್ಲ.

ಆಲಾಪನೆಗೆ ಮಾತ್ರ ವಿಡಿಯೋ ಕಾಲ್ ಚೆನ್ನಾಗಿಯೇ ನಡೆಯುತ್ತದೆ. ಅಲ್ಲಿ ತಾಳ ಇಲ್ಲವಲ್ಲ. ದೊಡ್ಡಮ್ಮ ಒಂದು ಸಂಚಾರ, ಅಂದರೆ ರಾಗದ ಒಂದು ತುಣುಕು, ಹಾಡಿ ನಿಲ್ಲಿಸಲಿ, ಆಮೇಲೆ ನೀವು ಎತ್ತಿಕೊಳ್ಳಿ. ಅರ್ಧ ಸೆಕೆಂಡ್ ತಡವಾದರೆ ಅದೂ ಒಂದು ಉಸಿರು ಅಷ್ಟೇ. ಇಬ್ಬರೂ ಒಟ್ಟಿಗೆ ಶುರು ಮಾಡದಿದ್ದರೆ ಸಾಕು. ತಂಬೂರಿಯನ್ನು ಅವರವರ ಮನೆಯಲ್ಲಿ ಅವರವರು ಹಾಕಿಕೊಳ್ಳಬೇಕು, ಕಾಲ್ ಮೂಲಕ ಕಳಿಸಬಾರದು.

ಈಗ ಬಾವಿಯ ವಿಷಯ. ಅಣ್ಣ, ಮೈಕು ಈಗಲೇ ಬೇಡ ಕಣೋ. ತೊಂದರೆ ಇರುವುದು ಕೋಣೆಯಲ್ಲಿ. ಒಳ್ಳೆಯ ಮೈಕು ತಂದರೆ ಅದೇ ಗೋಡೆಯ ಮಾರ್ದನಿಯನ್ನು ಇನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ, ಅಷ್ಟೇ. ಅತ್ತಿಗೆ, ನಿಮ್ಮ ರೆಕಾರ್ಡಿಂಗ್ ಕೇಳಿದೆ. ಫೋನನ್ನು ಕೋಣೆಯ ಆ ಕಡೆ ಮೇಜಿನ ಮೇಲೆ ಇಟ್ಟಿದ್ದೀರಿ ಅಲ್ವಾ? ವಾದ್ಯದಿಂದ ನೇರವಾಗಿ ಬರುವ ಶಬ್ದ, ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಶಬ್ದ ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ದೂರ ಹೋದಷ್ಟೂ ನಿಮ್ಮ ಪಿಟೀಲು ಕಮ್ಮಿ, ಗೋಡೆ ಜಾಸ್ತಿ.

ಫೋನನ್ನು ಒಂದು ತೋಳಿನಷ್ಟು ದೂರಕ್ಕೆ ತನ್ನಿ. ಎದುರಿಗೆ, ಪಿಟೀಲಿಗಿಂತ ಸ್ವಲ್ಪ ಮೇಲೆ, ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ, ಕಡೆಗೆ ಮುಖ ಮಾಡಿ. ಇನ್ನೂ ಹತ್ತಿರ ಹೋದರೆ ಕಮಾನು ತಂತಿಯನ್ನು ಉಜ್ಜುವ ಸದ್ದೇ ದೊಡ್ಡದಾಗುತ್ತದೆ. ಬಹಳ ಫೋನುಗಳಲ್ಲಿ ಮುಖ್ಯ ಮೈಕು ಕೆಳಗಿನ ಅಂಚಿನಲ್ಲಿರುತ್ತದೆ. ಆ ಅಂಚು ವಾದ್ಯದ ಕಡೆ ಇರಲಿ, ಕವರಿನಲ್ಲಿ ಮುಚ್ಚಿಹೋಗದಿರಲಿ. ಫೋನಿನ ಅಡಿಗೆ ಮಡಿಸಿದ ಟವೆಲ್ ಹಾಕಿ. ಇಲ್ಲದಿದ್ದರೆ ನೆಲದಲ್ಲಿ ಕಾಲು ತಾಳ ಹಾಕಿದ್ದೆಲ್ಲ ಗುದ್ದಿದ ಹಾಗೆ ಬರುತ್ತದೆ. ಬರಿಗೋಡೆ, ಗಾಜು, ಮೂಲೆ ಬೇಡ. ಬಟ್ಟೆ ತುಂಬಿದ ಬೀರು ಬಾಗಿಲು ತೆರೆದು ಅದರ ಮುಂದೆ ಕೂತುಕೊಳ್ಳಿ, ಅಥವಾ ಹಾಸಿಗೆ ಇರುವ ಕೋಣೆ. ಮೆತ್ತಗಿರುವ ವಸ್ತು ಎಲ್ಲ ಶಬ್ದವನ್ನು ಹೀರಿಕೊಳ್ಳುತ್ತದೆ. ಫ್ಯಾನು ಆರಿಸಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಒಳ್ಳೆಯ ಸಂಗತಿ, ಅಂದರೆ ಒಂದೇ ಸಾಲನ್ನು ಬೇರೆ ಬಗೆಯಲ್ಲಿ ನುಡಿಸಿದ್ದು, ಕೈಗೆ ಬಂದಾಗಲೇ ಯಾರದ್ದೋ ಕಾಲ್ ಬರುವುದು ಇದ್ದದ್ದೇ.

ಚಿಕ್ಕಪ್ಪ, ನೀವು ಮೃದಂಗದ ಎದುರು, ಎಡಕ್ಕೂ ಬಲಕ್ಕೂ ಮಧ್ಯೆ ಫೋನ್ ಇಡಿ. ಒಂದು ಕಡೆಗೆ ಇಟ್ಟರೆ ಇನ್ನೊಂದು ಕಡೆ ಸತ್ತುಹೋಗುತ್ತದೆ. ಮೃದಂಗದ ಗಟ್ಟಿ ಹೊಡೆತಕ್ಕೆ ಧ್ವನಿ ಒಡೆಯುತ್ತದೆ, ಹಾಗಾಗಿ ನೀವು ಇನ್ನೂ ಸ್ವಲ್ಪ ಹಿಂದೆ ಸರಿಯಬೇಕು. ರೆಕಾರ್ಡ್ ಮಾಡುವ ಮೊದಲು ಅತಿ ಜೋರಿನ ಹೊಡೆತ ಹೊಡೆದು ನೋಡಿ, ಆ್ಯಪ್‌ನಲ್ಲಿ ಧ್ವನಿಯ ಮಟ್ಟ ತೋರಿಸುವ ಮೀಟರು ಕೆಂಪಿಗೆ ಹೋಗಬಾರದು. ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಂತರೆ ಸರಿ. ಕಡಿಮೆ ಬಂದದ್ದನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಸರಿಮಾಡುವುದು ಕಷ್ಟ. ದೊಡ್ಡಮ್ಮ, ನೀವು ಹಾಡುವಾಗ ಫೋನು ಬಾಯಿಯ ನೇರಕ್ಕೆ ಬೇಡ, ಸ್ವಲ್ಪ ಪಕ್ಕಕ್ಕೆ. ಪ, ಭ ಬಂದಾಗ ಉಸಿರು ಮೈಕಿಗೆ ಬಡಿಯುತ್ತದೆ.

ಸೇರಿಸುವಾಗ ತಪ್ಪಲೇಬಾರದ ಒಂದು ವಿಷಯ ಇದೆ. ಹಿಂದಿನವರ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲೇ ಕೇಳುತ್ತಾ ನುಡಿಸಬೇಕು. ಸ್ಪೀಕರಿನಲ್ಲಿ ಹಾಕಿದರೆ ಅದು ಮತ್ತೆ ನಿಮ್ಮ ಮೈಕಿಗೆ ನುಗ್ಗುತ್ತದೆ. ಆ ಹೆಡ್‌ಫೋನಿಗೆ ವೈರ್ ಇರಲಿ. ಬ್ಲೂಟೂತ್‌ನದ್ದು ಶಬ್ದವನ್ನು ತಡಮಾಡಿ ಕೊಡುತ್ತದೆ. ನೀವು ಸರಿಯಾಗಿಯೇ ನುಡಿಸಿರುತ್ತೀರಿ, ಫೈಲು ಮಾತ್ರ ಹಿಂದೆ ಬಿದ್ದಿರುತ್ತದೆ. ಆಮೇಲೆ ಮತ್ತೆ 'ನನಗೆ ಲಯ ತಪ್ಪಿತು' ಅಂತ ಶುರು ಮಾಡುತ್ತೀರಿ.

ಮೊದಲು ನುಡಿಸುವವರು ಟಿಕ್ ಟಿಕ್ ಅಂತ ಒಂದೇ ವೇಗದಲ್ಲಿ ಬಡಿಯುವ ಮೆಟ್ರೋನೋಮ್ ಕಿವಿಯಲ್ಲಿ ಇಟ್ಟುಕೊಂಡು ನುಡಿಸಲಿ, ಶುರುವಿನಲ್ಲಿ ಒಂದು ಆವರ್ತ ಬರೀ ತಾಳ ತಟ್ಟಲಿ. ಆ ತಟ್ಟಿದ ಸದ್ದು ನೋಡಿಕೊಂಡು ಉಳಿದ ಟ್ರ್ಯಾಕುಗಳನ್ನು ಹೊಂದಿಸುವುದು ಸುಲಭ. ಮೃದಂಗ ಕೊನೆಗೆ ಬರಲಿ ಅಂತ ನನ್ನ ಅಭಿಪ್ರಾಯ. ಮೊದಲೇ ಮೃದಂಗ ಹಾಕಿಬಿಟ್ಟರೆ ಅದು ಯಾವ ಹಾಡಿಗೂ ಹೊಂದುವ ಬರೀ ಠೇಕಾ ಆಗುತ್ತದೆ. ಕೊನೆಗೆ ಬಂದರೆ ಅತ್ತಿಗೆಯ ಸಂಗತಿ ಕೇಳಿ ಚಿಕ್ಕಪ್ಪ ಎಲ್ಲಿ ಕೈ ಬಿಡಬೇಕು, ಎಲ್ಲಿ ಮುಕ್ತಾಯ ಹಾಕಬೇಕು ಅಂತ ನೋಡಬಹುದು. ಚಿಕ್ಕಪ್ಪ ಇದಕ್ಕೆ ಒಪ್ಪುವುದಿಲ್ಲ ಅಂತ ಗೊತ್ತು. ಜಗಳ ಆಮೇಲೆ ಆಡೋಣ.

ಪ್ರತಿ ಫೈಲಿನ ಶುರುವಿನಲ್ಲಿ ಬಾಯಲ್ಲೇ ಹೇಳಿ: ರಾಗ, ತಾಳ, ಶ್ರುತಿ, ಕಾಲಪ್ರಮಾಣ, ನಿಮ್ಮ ಹೆಸರು. ನಗಬೇಡಿ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದಾಗ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅಚ್ಚು ಒತ್ತುವ ಕಾರ್ಖಾನೆ ಜರ್ಮನಿಯಲ್ಲಿತ್ತು, ಅಲ್ಲಿನವರಿಗೆ ಯಾರ ಹಾಡಿನ ತಟ್ಟೆ ಅಂತ ತಿಳಿಯಬೇಕಿತ್ತು. ನಮ್ಮ ಗ್ರೂಪಿನಲ್ಲೂ 'ಆಡಿಯೋ ನ್ಯೂ 2 ಫೈನಲ್' ಅಂತ ಬಂದರೆ ಯಾರದ್ದು ಅಂತ ಹೇಗೆ ತಿಳಿಯಬೇಕು? ಆ ಕಾಲದ ತಟ್ಟೆಯ ಇನ್ನೊಂದು ಗುಣವನ್ನೂ ತೆಗೆದುಕೊಳ್ಳೋಣ. ಅದರಲ್ಲಿ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷ. ಅಷ್ಟರೊಳಗೇ ರಾಗದ ಮುಖ ತೋರಿಸಬೇಕಿತ್ತು. ನಾವೂ 3 ನಿಮಿಷಕ್ಕೆ ನಿಲ್ಲಿಸೋಣ. ಅರ್ಧ ಗಂಟೆಯದ್ದನ್ನು ಗ್ರೂಪಿನಲ್ಲಿ ಯಾರೂ ಪೂರ್ತಿ ಕೇಳುವುದಿಲ್ಲ, ಕೇಳಿದೆ ಅಂತ ಹೇಳುತ್ತಾರೆ ಅಷ್ಟೇ.

ಕಳಿಸುವಾಗ ವಾಯ್ಸ್ ಮೆಸೇಜ್ ಬಟನ್ ಒತ್ತಿ ನುಡಿಸಬೇಡಿ. ಅದು ಮಾತಿಗೆ ಸಾಕಾಗುವಷ್ಟು ಮಾತ್ರ ಉಳಿಸಿ, ಮಿಕ್ಕದ್ದನ್ನು ಹಿಂಡಿಬಿಡುತ್ತದೆ. ರೆಕಾರ್ಡರ್ ಆ್ಯಪ್‌ನಲ್ಲಿ ಮಾಡಿ, ಡಾಕ್ಯುಮೆಂಟ್ ಆಗಿ ಲಗತ್ತಿಸಿ. ಆಗ ಫೈಲು ಇದ್ದ ಹಾಗೇ ಹೋಗುತ್ತದೆ. ವೇವ್ ಫೈಲಾದರೆ, ಅಂದರೆ ಏನೂ ಹಿಂಡದೆ ಉಳಿಸಿದ್ದಾದರೆ, ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಸುಮ್ನೆ ಕೇಳುವುದಕ್ಕೆ ಎಂಪಿ3 ಸಾಕು, ಅದರ ಮೇಲೆ ಇನ್ನೊಬ್ಬರು ಸೇರಿಸುವುದಿದ್ದರೆ ವೇವ್ ಕಳಿಸಿ.

ಕೇಳಿದವರಿಗೂ ಒಂದು ಮಾತು. ಹೆಬ್ಬೆರಳಿನ ಚಿತ್ರ ಒತ್ತಿ ಹೋಗಬೇಡಿ. ಕಳಿಸುವವರು ಒಂದೇ ಒಂದು ಪ್ರಶ್ನೆ ಕೇಳಲಿ. 'ಎರಡನೇ ಆವರ್ತದಲ್ಲಿ ಗಾಂಧಾರ ಏರಿತಾ?' 'ಇಲ್ಲಿಂದ ಪಲ್ಲವಿಗೆ ಬಂದದ್ದು ಸರಿಯಾಯಿತಾ?' ಹಾಗೆ. ಉತ್ತರ ಕೊಡುವವರು ಅಷ್ಟಕ್ಕೇ ಕೊಡಲಿ. ಅತ್ತಿಗೆ, ನೀವೂ ರೆಕಾರ್ಡ್ ಮಾಡಿದ ತಕ್ಷಣ ಕೇಳಬೇಡಿ. ಆಗ ಕೈ ಮಾಡಿದ ತಪ್ಪುಗಳೇ ಕಿವಿಯಲ್ಲಿ ಕೂತಿರುತ್ತವೆ. ಮರುದಿನ ಕೇಳಿ. ಮೊದಲ ಸಲ ಶ್ರುತಿ ಮಾತ್ರ, ಎರಡನೇ ಸಲ ಲಯ ಮಾತ್ರ. ಹಳೆಯದನ್ನು ಅಳಿಸಬೇಡಿ, ತಾರೀಖು ಹಾಕಿ ಒಂದು ಫೋಲ್ಡರಿನಲ್ಲಿ ಇಡಿ. ಕೆಲಸದ ಮಧ್ಯೆ ಗುನುಗಿದ ಟ್ಯೂನನ್ನೂ ಅಲ್ಲೇ ಹಾಕಿ. ಸಾಹಿತ್ಯ ಇಲ್ಲದಿದ್ದರೂ ಪರವಾಗಿಲ್ಲ, ತರಾನನ ಸಾಕು.

ಅಣ್ಣ, ಯೂಟ್ಯೂಬಿಗೆ ಹಾಕುವ ಉತ್ಸಾಹ ನಿನಗೆ ಇದೆ ಅಂತ ಗೊತ್ತು. ಸ್ವಲ್ಪ ತಡಿ. ಸಿನಿಮಾ ಹಾಡಾದರೆ ಟ್ಯೂನಿನ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ, ಕರೋಕೆ ಟ್ರ್ಯಾಕ್ ಹಾಕಿದರೆ ಅದು ಮತ್ತೊಬ್ಬರದ್ದು. ನಮ್ಮದೇ ಟ್ಯೂನಾದರೆ ಆ ತಲೆನೋವು ಇಲ್ಲ. ಮತ್ತೆ ಪುಟ್ಟಿ ನುಡಿಸಿದ್ದನ್ನು ಅವಳನ್ನು ಕೇಳದೆ ಯಾರೂ ಹೊರಗೆ ಫಾರ್ವರ್ಡ್ ಮಾಡಬೇಡಿ. ಮಕ್ಕಳು ಅದಕ್ಕೇ ನುಡಿಸುವುದು ಬಿಟ್ಟುಬಿಡುತ್ತಾರೆ.

ಶುರು ಮಾಡುವುದು ಹೀಗೆ. ಮೋಹನ ರಾಗ ಇರಲಿ, ಐದೇ ಸ್ವರ, ಪುಟ್ಟಿಗೂ ಕಷ್ಟವಿಲ್ಲ. ಆದಿ ತಾಳ, ಮೆಟ್ರೋನೋಮ್ ನಿಮಿಷಕ್ಕೆ 72 ಬಡಿತ. ಪುಟ್ಟಿ ಮೊದಲ ನಾಲ್ಕು ಆವರ್ತ, ಅತ್ತಿಗೆ ಅದರ ಉತ್ತರ, ಆಮೇಲೆ ದೊಡ್ಡಮ್ಮ, ಕೊನೆಗೆ ಚಿಕ್ಕಪ್ಪ. ಜೋಡಿಸುವ ಕೆಲಸ ನನಗೆ ಬಿಡಿ. ಶ್ರುತಿಯೊಂದು ಮಾತ್ರ ನಿರ್ಧಾರ ಆಗಬೇಕು. ದೊಡ್ಡಮ್ಮನಿಗೆ ಐದು ಮನೆ, ಅಂದರೆ ಪುಟ್ಟಿಯ ಕೀಬೋರ್ಡಿನಲ್ಲಿ ಜಿ, ಆಗಿಬರುತ್ತದೆ ಅಂತ ನನ್ನ ನೆನಪು. ಪಿಟೀಲನ್ನು ಅದಕ್ಕೆ ಕೂಡಿಸಬಹುದು. ಚಿಕ್ಕಪ್ಪ, ನಿಮ್ಮ ಹತ್ತಿರ ಈಗ ಇರುವ ಮೃದಂಗ ಅಷ್ಟು ಏರುತ್ತದಾ, ಇಲ್ಲಾ ದೊಡ್ಡಮ್ಮನೇ ಸ್ವಲ್ಪ ಇಳಿಯಬೇಕಾ? ಇವತ್ತು ಒಮ್ಮೆ ತಟ್ಟಿ ನೋಡಿ ಹೇಳಿ, ಪುಟ್ಟಿ ಅದಕ್ಕೇ ಕಾಯುತ್ತಿದ್ದಾಳೆ.